ಎಂಟು ಸಾಕು

"ಹದಿನಾರು ಹಾಕಿಸಿಬಿಡು ಹುಲಿಗೆಮ್ಮಕ್ಕ, ಹತ್ತು ವರ್ಷ ತಿರುಗಿ ನೋಡಂಗಿಲ್ಲ"
ಅಂದ ಎರ್ರಿಸ್ವಾಮಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ.
ಕೌಲ್ ಬಜಾರಿನಲ್ಲಿ ಮೂರು ಮೆಟ್ಟಿಲು ಇಳಿದರೆ ಅವನ ಅಂಗಡಿ.
ಅಲ್ಲಿ ಎಲ್ಲರಿಗೂ ಹದಿನಾರೇ ಬೇಕು.
ಮದುವೆ ಫೋಟೊದವನಿಗೆ ಬೇಕು, ಸರಿ.
ಲಾರಿ ಬಾಡಿಗೆ ಬರೆದಿಡುವವನಿಗೆ ಯಾಕೆ?

ನಾನು ಜೀನ್ಸ್ ಕತ್ತರಿಸುವವಳು, ನನ್ನ ಲೆಕ್ಕ ಬೇರೆ.
ಖರ್ಚೆಲ್ಲ ಕಳೆದು ಪ್ಯಾಂಟಿಗೆ ಹನ್ನೆರಡು ರೂಪಾಯಿ.
ಎಂಟು ಜಿಬಿ ಅಂದರೆ ನೂರೈವತ್ತು ಪ್ಯಾಂಟು.
ಹದಿನಾರು ಅಂದರೆ ಮುನ್ನೂರು,
ಅಂದರೆ ಮಾಬುನ್ನಿ ಹೊಲಿಯುವ ಆರುನೂರು ಹಿಂಜೇಬು.

"ಮೆಮೊರಿ ಹೆಚ್ಚಿದ್ದರೆ ಹಳೇ ಬಿಲ್ಲೆಲ್ಲ ನೆನಪಿರ್ತಾವೇನಪ್ಪ?"
ನಕ್ಕ. ಸ್ಕ್ರೂ ಕೆಳಗೆ ಬಿತ್ತು.
"ಅದು ಬೇರೆ, ಇದು ಬೇರೆ ಅಕ್ಕ.
ಇದು ಕರೆಂಟ್ ಹೋದ್ರೆ ಎಲ್ಲಾ ಮರೀತೈತೆ."

ಮರೆಯುವುದಕ್ಕೆ ನೆನಪು ಅಂತ ಹೆಸರಿಟ್ಟವರು ಯಾರೋ!

ಮನೆ ಮುಟ್ಟುವಷ್ಟರಲ್ಲಿ ತಿಳಿಯಿತು:
ಇದು ನನ್ನ ಕತ್ತರಿ ಮೇಜು.
ಥಾನುಗಳು ಗೋಡೆಗೆ ಒರಗಿರುತ್ತವೆ, ವರ್ಷಗಟ್ಟಲೆ.
ಮೇಜಿನ ಮೇಲೆ ಇವತ್ತಿನದಷ್ಟೇ.
ಸಂಜೆ ಚಿಂದಿ ಗುಡಿಸಿದರೆ ಮೇಜಿಗೆ ಏನೂ ಗೊತ್ತಿಲ್ಲ.
ಮೇಜು ಕಿರಿದಾದರೆ ಒಂದನ್ನು ಮಡಚಿ ಎತ್ತಿಟ್ಟು
ಇನ್ನೊಂದನ್ನು ಬಿಚ್ಚಿ, ಅದನ್ನು ಮಡಚಿ,
ಅದೇ ಆ ತಿರುಗುತ್ತಲೇ ಇರುವ ನೀಲಿ ಬಳೆ,
ಬಿಲ್ಲು ತೆಗೆದರೆ ನಕ್ಷೆ ನಿಂತುಹೋಗುವುದು.
ಆದರೆ ಕೋಣೆಯ ತುಂಬ ಮೇಜೇ ಆದರೆ
ಮಾಬುನ್ನಿ ಎಲ್ಲಿ ಕೂರಬೇಕು?

ರಾತ್ರಿ ನಿದ್ದೆ ಬರಲಿಲ್ಲ.
ಹಗಲೆಲ್ಲ ಕುಡಿದ ಬಿಸಿಲನ್ನು ಗುಡ್ಡ
ಓಣಿಗೆ ವಾಪಸು ಕೊಡುತ್ತಿತ್ತು.
ಅವನು ಹೇಳಿಕೊಟ್ಟಂತೆ ಮೂರು ಕೀಲಿ ಒಟ್ಟಿಗೆ ಒತ್ತಿ ನೋಡಿದೆ,
ಯಾರು ಎಷ್ಟು ತಿನ್ನುತ್ತಾರೆ ಅಂತ.

ವಿಂಡೋಸು, ಎದ್ದು ನಿಲ್ಲುವುದಕ್ಕೇ ಎರಡು ಜಿಬಿ:
ಬೀಗರು, ಕೇಳುವಂತಿಲ್ಲ.
ವೈರಸ್ ಕಾಯುವವನು ಇನ್ನೂರು ಎಂಬಿ. ಕಾವಲಿನವನು, ಉಣ್ಣಲಿ.
ಜೇಬಿನ ಮೇಲಿನ ಹೂವಿನ ನಕ್ಷೆ ನಾನೂರು.
ಮನೆ ನಡೆಸುವ ಬಿಲ್ಲಿನದು, ಪಾಪ, ಬರೇ ತೊಂಬತ್ತು.
ಮೈದುನನ ಮಗಳ ಚೆಸ್ಸು ನೂರೈವತ್ತು,
ಅವಳು ಮಲಗಿದ್ದಾಳೆ, ಕುದುರೆ ಇನ್ನೂ ನಿಂತೇ ಇದೆ.
ಮತ್ತೆ ಬ್ರೌಸರಿನ ಬಾಲಕ್ಕೆ ಕಟ್ಟಿದಂತೆ ಇನ್ನೊಂದು:
ಮುನ್ನೂರ ಹನ್ನೆರಡು.

ಯಾರದು? ಹುಡುಕಿದೆ.
ನನ್ನದೇ.
ಯುಗಾದಿಗೂ ಮೊದಲು ತೆರೆದ ಪುಟ:
ಸೂರತ್ತಿನ ಕಸೂತಿ ಯಂತ್ರ, ಆರು ತಲೆ,
ಒಂದೊಂದು ತಲೆಗೂ ಹನ್ನೆರಡು ಬಣ್ಣದ ದಾರ.
ಬೆಲೆ ಕೇಳಲು ಇಲ್ಲಿ ಒತ್ತಿ.
ಒತ್ತಿರಲಿಲ್ಲ. ಮುಚ್ಚಿಯೂ ಇರಲಿಲ್ಲ.
ಎಷ್ಟು ಸಲ ಕರೆಂಟ್ ಹೋಯಿತೋ,
ಬಂದಾಗೆಲ್ಲ ಕಂಪ್ಯೂಟರು ಅದನ್ನೂ ಎಬ್ಬಿಸಿ
ಬಿಲ್ಲುಗಳ ಹಿಂದೆ ಕೂರಿಸಿದೆ.

ಬೆಳಿಗ್ಗೆ ಎಂಟು ಅಂದೆ.
ಎರ್ರಿಸ್ವಾಮಿ ಪಟ್ಟಿಯನ್ನು ಒಮ್ಮೆ ಊದಿ
ಹೆಬ್ಬೆರಳಲ್ಲಿ ಒತ್ತಿದ. ಟಕ್!
ಸೊಂಟದ ಲೋಹದ ಗುಂಡಿ ಕೂರುವ ಸದ್ದೇ.
"ಇದೊಂದು ಸುಮ್ನೆ ತಿಂತಾ ಐತೆ, ಮುಚ್ಚಲೇನಕ್ಕ?"
"ಇರಲಿ ಬಿಡು. ಲೆಕ್ಕದಾಗ ಹಿಡಿದೀನಿ."

ಹಳೆಯ ನಾಲ್ಕರ ಪಟ್ಟಿ ಈಗ ಗುಂಡಿ ಡಬ್ಬಿಯಲ್ಲಿದೆ.
ಮಾಬುನ್ನಿ ಅದರ ಅಂಚು ಹಿಡಿದು ಡೆನಿಮ್ ಮೇಲೆ ಗೆರೆ ತೀಡುತ್ತಾಳೆ.
ಅಡಿಪಟ್ಟಿಗಿಂತ ನೆಟ್ಟಗೆ ಬರುತ್ತದಂತೆ.