ಕಲೀಜ, ಎರಡು ಕಿಲೋ

ಹಳೇ ದಾವಣಗೆರೆಯ ಅಂಗಡಿಯಲ್ಲಿ ದಸ್ತಗಿರ್ ಕೇಳುತ್ತಾನೆ:
ಎಷ್ಟು ಜನ ನೆಂಟರು, ಡಾಕ್ಟರಮ್ಮ?
ಇದು ಎಂಟನೇ ಸಲ.
ಮೂವರು, ಅನ್ನುತ್ತೇನೆ. ಮೂರೂ ಸೂಜಿಗಳು.

ಮೊದಲನೆಯದು ಒಂಟಿ. ಅವಸರದ್ದು.
ತನ್ನ ಸುತ್ತಲೇ ಕರಕಲು ಕಟ್ಟಿಕೊಂಡು
ಆ ಕರಕಲನ್ನೇ ದಾಟಲಾರದೆ ನಿಂತುಬಿಡುತ್ತದೆ;
ಮೀಟರು ಕೀಂ ಎನ್ನುತ್ತದೆ.
ಎರಡನೆಯದು ಒಳಗೆ ಹೋಗಿ ಕೊಡೆ ಬಿಚ್ಚುತ್ತದೆ,
ಕಡ್ಡಿ ಕಡ್ಡಿಯ ನಡುವೆ ಹಸಿ ಉಳಿಸುತ್ತದೆ.
ಮೂರನೆಯದರ ಹೊಟ್ಟೆಯಲ್ಲಿ ತಣ್ಣೀರು.
ಬೆಣ್ಣೆದೋಸೆಯ ಹಂಚಿಗೆ ನೀರು ಚಿಮುಕಿಸುವ ಕೈಗೆ
ಇದೇನು ಹೊಸದಲ್ಲ:
ತಾನು ಸೀಯದೆ ದೂರದವರೆಗೂ ಬೇಯಿಸುತ್ತದೆ.

ಕೊಯ್ದು, ಸ್ಕೇಲು ಇಟ್ಟು, ಬಿಳಿಚಿದ ವೃತ್ತ ಅಳೆಯುತ್ತೇನೆ:
ಹದಿನಾಲ್ಕು ಮಿಲಿಮೀಟರ್. ಇಪ್ಪತ್ತಾರು. ಮೂವತ್ತೊಂದು.
ಲ್ಯಾಬಿನ ತುಂಬ ಹಬ್ಬದ ಮನೆಯ ವಾಸನೆ,
ಅಟೆಂಡರ್ ಕೊಟ್ರಮ್ಮನ ಮೂಗಿಗೆ ಸೆರಗು.

ಮೂವತ್ತೊಂದು, ಎಂದೆ ದಸ್ತಗಿರನಿಗೆ, ಗೆದ್ದವಳ ಹಾಗೆ.
ಅವನು ಕತ್ತಿ ಒರೆಸಿ, ಒಂದು ತುಂಡು ಎತ್ತಿ ಹಿಡಿದು
ಅದರ ನಾಳದೊಳಗೆ ಕಿರುಬೆರಳು ತೂರಿಸಿದ:
"ಇಲ್ಲಿ ರಕ್ತ ಓಡ್ತಿದ್ರೆ
ನಿಮ್ ಬಿಸೀನ ಎತ್ಕಂಡ್ ಹೋಗಲ್ವಾ?"

ನನ್ನ ಪುಸ್ತಕದಲ್ಲಿ ಆ ಕಾಲಂ ಇರಲಿಲ್ಲ.
ರಾತ್ರಿ ಗೀಟು ಎಳೆದೆ. ಖಾಲಿ ಬಿಟ್ಟೆ.