ಮೊದಲ ಪೆಟ್ಟು ಬಿಟ್ಟು

ಟೇಪು ಸಿಕ್ಕಿಕೊಂಡಿದೆ ಅಂತಲೇ ಎಲ್ಲರೂ ತಿಳಿದದ್ದು.
ಕುಂಬಳೆಯ ಬೀಡಿ ಬ್ರಾಂಚಿನ ಜಗಲಿಯಲ್ಲಿ
ಹನ್ನೊಂದು ಹೆಂಗಸರು, ಹನ್ನೊಂದು ಮೊರ,
ನಡುವೆ ಪಾಲಕುನ್ನಿನ ಅಂಬಾಡಿ ಹಡಗಿನಿಂದ ತಂದ ಕ್ಯಾಸೆಟ್ಟು.
ಹೆಸರಿಲ್ಲ, ಚಿತ್ರವಿಲ್ಲ,
‘ಕಿಂಗ್‌ಸ್ಟನ್, ಮಳೆ’ ಎಂದು ಮಲಯಾಳದಲ್ಲಿ
ಅವನದೇ ವಕ್ರ ಕೈಬರಹ.

ಹಾಡು ಎಡವುತ್ತಿತ್ತು.
ಪೆಟ್ಟು ಬೀಳಬೇಕಾದಲ್ಲಿ ಏನೂ ಇಲ್ಲ,
ಬೀಳಬಾರದಲ್ಲಿ ಗಿಟಾರು ಚಕ್ ಅನ್ನುತ್ತದೆ
ಬಿಕ್ಕಳಿಕೆ ಹಿಡಿದವನ ಹಾಗೆ.

ಬಜಾರಿನಿಂದ ಮಮ್ಮುಂಞಿಯನ್ನು ಕರೆಸಿದರು.
ಅವನು ಮುಚ್ಚಳ ಬಿಚ್ಚಿ, ಹೆಡ್ಡಿಗೆ ಸ್ಪಿರಿಟ್ಟು ಒರೆಸಿ,
ಬೆಲ್ಟನ್ನು ಉಗುರಿನಲ್ಲಿ ಮೀಟಿ
ತೀರ್ಪು ಕೊಟ್ಟ:
“ಮಿಷನ್ನು ಸರಿ ಉಂಟು. ಕುಂಟುವುದು ಅವರೇ.
ಬೇಕೂಂತಲೇ ಕುಂಟುವುದು.”
ಎರಡು ರೂಪಾಯಿ ಕಿಸೆಗೆ ಹಾಕಿಕೊಂಡರೂ ಹೋಗದೆ
ಕಂಬಕ್ಕೊರಗಿ ಇನ್ನೂ ಎರಡು ಹಾಡು ಕೇಳಿದ.

ನನಗಾಗ ಒಂಬತ್ತು. ಎಲೆ ನೆನೆಸುವುದು, ನೂಲು ಕೊಡುವುದು ನನ್ನ ಕೆಲಸ.
ಬೀಡಿಗೆ ಅವಸರ ಬೇಕು, ಸಾವಿರಕ್ಕೆ ಇಷ್ಟು ಅಂತ ಕೂಲಿ.
ಈ ಹಾಡಿಗೆ ಅವಸರವೇ ಇಲ್ಲ.
ತಳದಲ್ಲೊಂದು ಗುಂಯ್ ದನಿ
ಕಿವಿಗಿಂತ ಮೊದಲು ಕುಂಡೆಗೆ ಕೇಳಿಸುತ್ತಿತ್ತು,
ಕೆಂಪು ಗಾರೆಯ ನೆಲದಿಂದ ಹತ್ತಿ ಬೆನ್ನಹುರಿಗೆ;
ಮೂಟೆ ಇಳಿಸಿ ಬರುವವನ ನಡಿಗೆ,
ಹೊರೆ ಇಲ್ಲದಿದ್ದರೂ ಹೆಗಲಿನ್ನೂ ಒಂದು ಬದಿಗೆ ವಾಲಿ.

ಮೂರನೆಯ ದಿನ ಅಮ್ಮನ ಕತ್ತರಿ ಜಾಗ ಕಂಡುಕೊಂಡಿತು.
ಯಾರೂ ಹೇಳಿಕೊಟ್ಟದ್ದಲ್ಲ.
ಅವರು ಬಿಟ್ಟಲ್ಲಿ ಎಲೆ ತಿರುಗುವುದು,
ಆಮೇಲೆ ಕಚಕ್.
ಖಾಲಿ. ಕಚಕ್.
ಖಾಲಿ. ಕಚಕ್.
ಆಚೆ ದೇವಕಿಯದು, ಬೀಫಾತಿಮಳದು,
ಸಂಜೆಯೊಳಗೆ ಹನ್ನೊಂದೂ.
ಬ್ರಾಂಚಿನ ರೈಟರು ಲೆಕ್ಕದ ಪುಸ್ತಕದಿಂದ ತಲೆಯೆತ್ತಿ
ಎಲ್ಲಿದ್ದೆನೆಂದು ಮರೆತು ಮೊದಲಿನಿಂದ ಎಣಿಸಿದ.

ರಜೆಯಲ್ಲಿದ್ದ ಅಂಬಾಡಿ ಅರ್ಥ ಹೇಳಿದ, ತನಗೆ ತಿಳಿದಷ್ಟು:
ಕಬ್ಬಿನ ಗದ್ದೆಗೆಂದು ತಂದು ಸುರಿದ ಜನ,
ಊರು ಸಮುದ್ರದ ಆಚೆ, ಹೆಸರು ಮಾತ್ರ ಗೊತ್ತು.
“ನಾನೂ ಹಡಗಿನಲ್ಲೇ ಹೋದದ್ದು, ಸಂಬಳಕ್ಕೆ.
ಅವರ ಅಜ್ಜಂದಿರು ಸರಪಳಿಯಲ್ಲಿ.”
ಬೀಫಾತಿಮ ಕೇಳಿದಳು,
“ಮತ್ತೆ ಇಷ್ಟು ಕುಶಿಯಲ್ಲಿ ಹಾಡುವುದು ಎಂಥಕ್ಕೆ?”
ಅಂಬಾಡಿಗೆ ಗೊತ್ತಿರಲಿಲ್ಲ.
ಕ್ಯಾಸೆಟ್ಟು ಮಗುಚಿ ಹಾಕಿದ.

ದೊಡ್ಡವಳಾಗಿ ನಾನು ಕಾಸರಗೋಡಿನಲ್ಲಿ
ಕ್ಯಾಸೆಟ್ಟಿನ ಅಂಗಡಿಗೆ ನಿಂತೆ.
ದುಬಾಯಿಯಿಂದ ಪೆಟ್ಟಿಗೆ ಪೆಟ್ಟಿಗೆ ಬರುತ್ತಿತ್ತು,
ಹೊದಿಕೆಯಲ್ಲಿ ಹಳದಿ ಕೂದಲಿನ ಹುಡುಗರು,
ಬಿಗಿ ಪ್ಯಾಂಟು, ಒದ್ದೆ ಕಣ್ಣು.
ಗಂಟಲು ಲಂಡನ್ನಿನದು,
ಕಾಲು ಮಾತ್ರ ಆ ಮಳೆಯ ಬಂದರಿನದು.
ಗಿರಾಕಿಗೆ ಹೇಳಿದರೆ ನಗುತ್ತಿದ್ದ: ನಿನಗೆಂಥ ಗೊತ್ತು?
ನನಗೆ ಗೊತ್ತಿತ್ತು. ಬಸ್ಸಿನ ಬೋರ್ಡಿನಲ್ಲಿ ಇಲ್ಲದ ಲಿಪಿಯಲ್ಲಿ
ಊರ ಹೆಸರು ಓದಿ ಹತ್ತುವವಳು ನಾನು.
ಪಂಚಾಯತಿನ ಅರ್ಜಿಯಲ್ಲಿ ಅಮ್ಮ ಕನ್ನಡದ ರುಜು ಹಾಕುತ್ತಿದ್ದದ್ದು
ಮಲಯಾಳದ ಎರಡು ಸಾಲುಗಳ ಸಂದಿಯಲ್ಲಿ,
ತುಸು ತಡೆದು,
ಪೆಟ್ಟು ಬೀಳದ ಜಾಗದಲ್ಲಿ.

ಬ್ರಾಂಚು ಮುಚ್ಚಿತು. ಕ್ಯಾಸೆಟ್ಟಿಗೆ ಬೂಸಲು ಹಿಡಿಯಿತು.
ಮಮ್ಮುಂಞಿಯ ಮಗನದು ಈಗ ಮೊಬೈಲಿನ ಅಂಗಡಿ.

ಮೊನ್ನೆ ಉಪ್ಪಳದ ಮದುವೆ ಹಾಲಿನಲ್ಲಿ
ಡಿಜೆ ಹುಡುಗ ಯಾವುದೋ ಹೊಸತು ಹಾಕಿದ.
ಎಲೆಯ ಮುಂದೆ ಕುಳಿತ ಅಮ್ಮನ ಬಲಗೈಯ ಎರಡು ಬೆರಳು
ತಾವಾಗಿ ಕತ್ತರಿಯಾದವು.
“ಇದು ಅಂಬಾಡಿಯದ್ದಲ್ವಾ?”
“ಅಲ್ಲಜ್ಜೀ, ಅಮೆರಿಕದ್ದು. ಈ ವರ್ಷದ್ದು.”
ಅಮ್ಮ ಇನ್ನೊಂದು ಸುತ್ತು ಬರುವವರೆಗೆ ಕೇಳಿದಳು.
“ಒಗೆದು ಇಸ್ತ್ರಿ ಹಾಕಿದ್ದಾರೆ, ಅಷ್ಟೆ.
ಕಾಲರು ಮಗುಚಿ ನೋಡು ಮಗಾ,
ಮಡಿವಾಳನ ಗುರುತು ಉಂಟು.”

ಪಾಯಸದವನು ಬಂದ.
ಎಡಗೈಯಲ್ಲಿ ಎಲೆ ಸರಿಸಿ ಕೊಟ್ಟಳು.
ಬಲಗೈಗೆ ಕೆಲಸವಿತ್ತು.