ಸಂಜೆ ನಾಲ್ಕೂವರೆ

ನನ್ನ ಅಕ್ಷರ ಚೆನ್ನ ಅಂತ ಕಂಡುಹಿಡಿದವರು ಕನ್ನಡದ ಮೇಡಂ.
ಅದು ಅಪ್ಪನದು ಎಂದು ಅವರಿಗೆ ಗೊತ್ತಿಲ್ಲ.
ಅಪ್ಪ ಕಬ್ಬಿನ ಟ್ರ್ಯಾಲಿಗಳ ಹಿಂದೆ ಬರೆಯುತ್ತಾನೆ:
ಮಾಲೀಕನ ಹೆಸರು, ಮಕ್ಕಳ ಹೆಸರು, ಮನೆದೇವರು,
ನಿಧಾನವಾಗಿ ಚಲಿಸಿ.
ಒತ್ತಕ್ಷರದ ಬಾಲ ಎಲ್ಲಿ ತಿರುಗಬೇಕು ಅಂತ
ನಾನು ಕಲಿತದ್ದು ಬಣ್ಣದ ಡಬ್ಬಿ ಹಿಡಿದು ನಿಂತು.

ಹಾಗಾಗಿ ಒಂಬತ್ತನೇ ಕ್ಲಾಸಿನ ನಾನು
ಸೋಮವಾರ ಎಲ್ಲರಿಗಿಂತ ಮೊದಲು ಕಿರುಗಾವಲಿನ ಹೈಸ್ಕೂಲಿಗೆ ಬಂದು
ನಲ್ಲಿಯಲ್ಲಿ ಬಟ್ಟೆ ಅದ್ದಿ ಕಳೆದ ವಾರವನ್ನು ಒರೆಸುತ್ತೇನೆ.
ಒರೆಸಿದರೂ ಕೆಲವು ಹೋಗುವುದಿಲ್ಲ.
ಜೂನ್ ತಿಂಗಳ ‘ಉಚಿತ’ ಇನ್ನೂ ಮೂಲೆಯಲ್ಲಿದೆ,
ಯಾವುದು ಉಚಿತವಾಗಿತ್ತೋ ಅದು ಮಾತ್ರ ಅಳಿಸಿದೆ.

ಈ ವಾರ
ಪ್ರತಿಭಾ ಕಾರಂಜಿ, ಕ್ಲಸ್ಟರ್ ಮಟ್ಟ, ಗುರುವಾರ.
ಕಂಠಪಾಠಕ್ಕೆ ಮುಬೀನಾ, ಮಣ್ಣಿನ ಮಾದರಿಗೆ ಮರಿಸ್ವಾಮಿ.
ಹೋದ ಸಲ ಅವನ ಎಮ್ಮೆ ಒಣಗುವ ಮೊದಲೇ ಬಹುಮಾನ ಗೆದ್ದಿತ್ತು,
ಮನೆಗೆ ಒಯ್ಯುವಾಗ ಬಸ್ಸಿನ ನೂಕಾಟದಲ್ಲಿ ಕೊಂಬು ಮುರಿಯಿತು.
ಎಂಟನೇ ತರಗತಿಗೆ ವಿದ್ಯಾರ್ಥಿವೇತನ ಪರೀಕ್ಷೆ,
ಆದಾಯ ಪ್ರಮಾಣಪತ್ರ ಕಡ್ಡಾಯ.
ಮೈಸೂರಿನ ವಿಜ್ಞಾನ ಮೇಳಕ್ಕೆ ಇಬ್ಬರು, ಇಬ್ಬರೇ.
ಕೊನೆಯ ದಿನ, ಕೊನೆಯ ದಿನ, ಕೊನೆಯ ದಿನ.

ಮನೆಯಲ್ಲಿ ಇದನ್ನೆಲ್ಲ ಹೇಳಿದರೆ
ಅಜ್ಜಿ ಮುದ್ದೆ ತಿರುವುವ ಕೈ ತಡೆದು ಕೇಳುತ್ತಾಳೆ:
“ಯಾರದವ್ವ ಕೊನೇ ದಿನ? ಪಾಪ.”

ಆಮೇಲೆ ಪಿ.ಟಿ. ಮಾಸ್ತರು ಸಿದ್ದಪ್ಪಾಜಿ ಸರ್ ಚೀಟಿ:
ಬಾಲಕಿಯರ ಖೋ ಖೋ, ತಾಲ್ಲೂಕು ತಂಡದ ಆಯ್ಕೆ,
ಬುಧವಾರ, ಸಂಜೆ ನಾಲ್ಕೂವರೆ.
ಆಸಕ್ತರು ತಪ್ಪದೆ ಭಾಗವಹಿಸುವುದು.

ಆಸಕ್ತರು.
ಆ ತಾ ಒತ್ತು ಎಳೆಯುವಾಗ ನನಗೆ ಬಸ್ಸಿನ ಹಾರನ್ನು ಕೇಳಿಸಿತು.
ಮಾದನಕೊಪ್ಪಲಿನ ಬಸ್ಸು, ನಾಲ್ಕು ಐವತ್ತು.
ಅದು ಬಿಟ್ಟರೆ ಏಳೂಕಾಲು, ಅದೂ ಬಂದರೆ.
ಅದರಲ್ಲಿ ಹೋಗುವವರು ಹನ್ನೊಂದು ಹುಡುಗಿಯರು,
ಹನ್ನೊಂದರಲ್ಲಿ ಒಬ್ಬಳು ಜಯಶೀಲ.
ಓಡುವಾಗ ಅವಳ ಜಡೆ ಅವಳಿಗಿಂತ ಅರ್ಧ ಹೆಜ್ಜೆ ಹಿಂದಿರುತ್ತದೆ,
ಕಂಬ ಸುತ್ತಿದಳೆಂದರೆ ಕಂಬಕ್ಕೇ ತಲೆಸುತ್ತು.
ಹೋದ ವರ್ಷವೂ ನಾಲ್ಕೂವರೆ.
ಹೋದ ವರ್ಷ ಅವಳು ಕಿಟಕಿಯಿಂದ ಕತ್ತು ಹಾಕಿ ನೋಡುತ್ತಲೇ ಇದ್ದಳು,
ಮೈದಾನ ಹಿಂದಕ್ಕೆ ಹಿಂದಕ್ಕೆ ಹೋಯಿತು.
“ಕತ್ಲಾದ್ರೆ ಅವ್ವ ಸ್ಕೂಲೇ ಬಿಡುಸ್ಬುಡ್ತಾಳೆ ಕಣೆ.”

ಬೆಳಗಿನ ಬಸ್ಸು ಅವರನ್ನು ಎಂಟಕ್ಕೇ ಇಳಿಸಿ ಹೋಗುತ್ತದೆ.
ಹೊಂಗೆ ಮರದ ಕೆಳಗೆ ಕೂತು ಕಾಯುತ್ತಾರೆ, ದಿನಾ.

ಅಪ್ಪ ಒಂದು ಸಲ, ಮಾಲೀಕ ಹೇಳಿದ
‘ಶತ್ರುಗಳಿಗೆ ಎಚ್ಚರಿಕೆ’ ಬಿಟ್ಟು
‘ಎಲ್ಲರಿಗೂ ನಮಸ್ಕಾರ’ ಎಂದು ಬರೆದು ಬಂದಿದ್ದ.
ಬೈಗುಳ ತಿಂದ. ಅಳಿಸಲು ಬಣ್ಣಕ್ಕೆ ದುಡ್ಡು ಯಾರು ಕೊಡುತ್ತಾರೆ?
ನಮಸ್ಕಾರ ಇವತ್ತಿಗೂ ಸಕ್ಕರೆ ಕಾರ್ಖಾನೆಗೆ ಹೋಗಿಬರುತ್ತಿದೆ.

ಬೆಳಿಗ್ಗೆ ಎಂಟೂವರೆ, ಎಂದು ಬರೆದೆ.
ದಪ್ಪಗೆ. ಕೆಳಗೆ ಎರಡು ಗೆರೆ.

ಬುಧವಾರ ಸರ್ ಬೈಕು ನಿಲ್ಲಿಸುವಾಗ
ಹುಲ್ಲಿನ ಮೇಲೆ ಇಬ್ಬನಿ, ಸಾಲಾಗಿ ಬಿಟ್ಟ ಚಪ್ಪಲಿ,
ವೇಲು ನಡುವಿಗೆ ಬಿಗಿದು ನಿಂತ ಇಪ್ಪತ್ತಾರು ಹುಡುಗಿಯರು.
ಹೆಲ್ಮೆಟ್ಟು ತೆಗೆಯದೆ ಫಲಕದವರೆಗೆ ನಡೆದರು. ಓದಿದರು.
ನನ್ನ ಕಡೆ ನೋಡಿದರು. ನಾನು ನಲ್ಲಿಯ ಕಡೆ ನೋಡಿದೆ.
ನಲ್ಲಿ ತೊಟ್ಟಿಕ್ಕುತ್ತಿತ್ತು.
“ನಂದು ತಿಂಡೀನೂ ಆಗಿಲ್ಲ” ಅಂದರು, ಯಾರಿಗೂ ಅಲ್ಲ,
ಜೇಬಿನಿಂದ ಸೀಟಿ ತೆಗೆದರು.

ಜಯಶೀಲ ಆಯ್ಕೆಯಾದಳೇ ಅಂತ ಕೇಳಬೇಡಿ.
ಪಟ್ಟಿ ಶುಕ್ರವಾರ, ಬರೆಯುವವಳು ನಾನೇ.
ಆವತ್ತು ನಾಲ್ಕು ಐವತ್ತರ ಬಸ್ಸಿನಲ್ಲಿ
ಹನ್ನೊಂದು ಜೊತೆ ಮಂಡಿಗಳು ಕೆಂಪು ಮಣ್ಣಾಗಿದ್ದವು,
ಸೀಟೆಲ್ಲ ಕೊಳೆ ಎಂದು ಕಂಡಕ್ಟರು ಗೊಣಗಿದ.
ನನಗೆ ಗೊತ್ತಿರುವುದು ಇಷ್ಟು.

ಹೆಡ್‌ಮಾಸ್ಟರು ಹೊಸ ಚೀಟಿ ಕಳಿಸಿದ್ದಾರೆ:
ಹತ್ತನೆಯವರಿಗೆ ವಿಶೇಷ ತರಗತಿ, ನಾಳೆಯಿಂದ,
ಸಂಜೆ ಐದಕ್ಕೆ.
ಬಟ್ಟೆ ಅದ್ದಿ ಇಟ್ಟಿದ್ದೇನೆ.